ಹಳೆಯ ಪೈಲ್ವಾನರು ಮರಳಿ ಬಂದಾಗ ಹೊಸಬರಿಗೆ ಉಳಿಯುವುದೇನು?

2025ರ ಡಿಸೆಂಬರ್ 13ರ ರಾತ್ರಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಒನ್ ಅರೀನಾದಲ್ಲಿ ಅಮೆರಿಕದ ಟಿವಿ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ದೊಡ್ಡ ತಾರೆ ಜಾನ್ ಸೀನಾ ತಮ್ಮ ಕೊನೆಯ ಕುಸ್ತಿ ಆಡಿದರು. ಎದುರಿಗೆ ಆಸ್ಟ್ರಿಯಾದ ಗುಂಥರ್. ಕುತ್ತಿಗೆಗೆ ಬಿದ್ದ ತೋಳಿನ ಹಿಡಿತ ಬಿಡಿಸಿಕೊಳ್ಳಲಾಗದೆ ಸೀನಾ ಕೈ ಬಡಿದು ಸೋಲೊಪ್ಪಿಕೊಂಡರು. 'ಎಂದೂ ಸೋಲೊಪ್ಪಬೇಡ' ಎಂಬ ಮಾತನ್ನೇ ಅಂಗಿಯ ಮೇಲೆ ಬರೆಸಿಕೊಂಡು ವರ್ಷಾನುಗಟ್ಟಲೆ ಮೆರೆದ ಮನುಷ್ಯ ಅವರು. ನೆರೆದ ಜನಕ್ಕೆ ಗುಂಥರ್‌ಗಿಂತ ಕಂಪನಿಯ ಮೇಲೆಯೇ ಹೆಚ್ಚು ಸಿಟ್ಟು ಬಂತು. ಡಬ್ಲ್ಯುಡಬ್ಲ್ಯುಇಯ ಕಥೆಗಳನ್ನು ಹೆಣೆಯುವ ಹೊಣೆ ಹೊತ್ತ ಹಳೆಯ ಪೈಲ್ವಾನ ಟ್ರಿಪಲ್ ಎಚ್ ಕಣ್ಣಿಗೆ ಬಿದ್ದದ್ದೇ ತಡ, ಇಡೀ ಅರೀನಾ ಅವರ ವಿರುದ್ಧ ಕೂಗಿತು.

ನಮ್ಮಲ್ಲಿ ಆಗ ರವಿವಾರದ ಬೆಳಗು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಸಂಖ, ಉಮದಿ, ಮಾಡಗ್ಯಾಳದ ಕಡೆಯ ಹುಡುಗರ ಮೊಬೈಲುಗಳಲ್ಲಿ ಆ ತುಣುಕು ಚಹಾದ ಹೊತ್ತಿಗೆಲ್ಲ ಓಡಾಡುತ್ತಿತ್ತು. "ಕಾಕಾ, ಸೀನಾನ ಆಟ ಮುಗೀತು" ಅಂತ ಹುಡುಗರು ಅಂದರೆ, ಕಟ್ಟೆಯ ಮೇಲಿನ ಹಿರಿಯರದು ಒಂದೇ ಉತ್ತರ: "ಎಲ್ಲಿ ಮುಗೀತೋ ತಮ್ಮಾ, ಎರಡ ವರ್ಷ ತಡಿ, ಮತ್ತ ಬರ್ತಾನ. ಅಂವ ಬರಲಿಲ್ಲಂದ್ರ ರಾಕ್ ಬರ್ತಾನ. ಈಗಿನವರಾಗ ಏನ ಐತಿ ನೋಡಾಕ?"

ರಾಕ್ ಅಂದರೆ ಸಿನಿಮಾಕ್ಕೆ ಹೋದ ಹಳೆಯ ತಾರೆ ಡ್ವೇನ್ ಜಾನ್ಸನ್. ಈ ಉತ್ತರದಲ್ಲಿ ಎರಡು ಮಾತು ಒಟ್ಟಿಗೆ ಸೇರಿಕೊಂಡಿವೆ. ಹಳಬರು ಮರಳಲಿ ಎಂಬ ಆಸೆ ಒಂದು. ಈಗಿನವರಲ್ಲಿ ಕಸುವಿಲ್ಲ ಎಂಬ ತೀರ್ಪು ಇನ್ನೊಂದು. ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ. ಇಷ್ಟಪಟ್ಟವರನ್ನು ಇನ್ನೊಮ್ಮೆ ನೋಡಬೇಕು ಅನ್ನಿಸುವುದು ಸಹಜ. ಎರಡನೆಯದು ಮಾತ್ರ ಸುಳ್ಳು. ಆ ಸುಳ್ಳು ಹುಟ್ಟಿದ್ದು ಹೇಗೆ, ಅದನ್ನು ಸಾಕಿದವರು ಯಾರು ಎಂದು ಬಿಡಿಸಿ ನೋಡಬೇಕಾದ ಕಾಲ ಇದು. ಒಂದೇ ವರ್ಷದಲ್ಲಿ ತೊಂಬತ್ತರ ದಶಕದ ತಾರೆ ಗೋಲ್ಡ್‌ಬರ್ಗ್ ಮತ್ತು ಸೀನಾ ಇಬ್ಬರೂ ವಿದಾಯ ಹೇಳಿದ್ದಾರೆ. ಇಬ್ಬರನ್ನೂ ಕಳಿಸಿಕೊಟ್ಟವರು ಒಬ್ಬರೇ, ಗುಂಥರ್.

ಎಲ್ಲರಿಗೂ ಗೊತ್ತಿರುವ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮುಂಚೆಯೇ ತೀರ್ಮಾನವಾಗಿರುತ್ತದೆ. ಬೀಳುವ ಮೈ ನಿಜ, ಮುರಿಯುವ ಮೂಳೆ ನಿಜ, ಫಲಿತಾಂಶ ಬರೆದದ್ದು. ನಮ್ಮ ಮಣ್ಣಿನ ಕುಸ್ತಿ ಹಾಗಲ್ಲ. ಶಾಹೂ ಮಹಾರಾಜರು ಕಟ್ಟಿಸಿದ ಕೊಲ್ಹಾಪುರದ ಖಾಸಬಾಗ ಮೈದಾನ 1912ರಿಂದ ನಿಂತಿದೆ. ಅಲ್ಲಿ ಬೆನ್ನು ಮಣ್ಣಿಗೆ ಹತ್ತಿದವನು ಚಿತ್, ಅವನ ಹೆಸರು ಎಷ್ಟೇ ದೊಡ್ಡದಿರಲಿ. ಊರ ಜಾತ್ರೆಯ ಕುಸ್ತಿಯೂ ಹಾಗೆಯೇ. ಹಲಗಿ ಬಡಿತದ ನಡುವೆ ಮೊದಲು ಸಣ್ಣ ಹುಡುಗರ ಜೋಡಿ ಬಿಡುತ್ತಾರೆ. ಇನಾಮು ಏರುತ್ತ ಹೋಗುತ್ತದೆ. ಕೊನೆಯ ಜೋಡಿಗೆ ಎಲ್ಲಕ್ಕಿಂತ ದೊಡ್ಡ ಇನಾಮು. ಒಂದು ಕಾಲಕ್ಕೆ ಹೆಸರು ಮಾಡಿದ ಪೈಲ್ವಾನರೂ ಅಲ್ಲಿಗೆ ಬರುತ್ತಾರೆ. ಅವರ ತಲೆಗೆ ರುಮಾಲು ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಆಡುವುದು ಅವರ ತಾಲೀಮಿನ, ಅಂದರೆ ಗರಡಿಯ, ಹುಡುಗರು. ವಸ್ತಾದರ, ಅಂದರೆ ಕುಸ್ತಿ ಕಲಿಸುವ ಗುರುಗಳ, ಮರ್ಯಾದೆಗೆ ಇದರಿಂದ ಎಳ್ಳಷ್ಟೂ ಕುಂದು ಬರುವುದಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಖಾಶಾಬಾ ಜಾಧವರ ಹೆಸರನ್ನಾಗಲಿ, ನಮ್ಮ ಜಿಲ್ಲೆಯ ಕವಠೆ ಪಿರಾನದ ಹಿಂದ್ ಕೇಸರಿ ಮಾರುತಿ ಮಾನೆಯವರ ಹೆಸರನ್ನಾಗಲಿ ಇಲ್ಲಿ ಇವತ್ತಿಗೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. 1961ರಲ್ಲಿ ಶುರುವಾದ ಮಹಾರಾಷ್ಟ್ರ ಕೇಸರಿ ಕುಸ್ತಿ ಸ್ಪರ್ಧೆಯ ಗದೆಯನ್ನು ಹಳೆಯ ನೆನಪಿನ ಬಲದ ಮೇಲೆ ಎತ್ತಿದವರು ಒಬ್ಬರೂ ಇಲ್ಲ.

ಮಣ್ಣಿನಲ್ಲಿ ಪೀಳಿಗೆ ಬದಲಾಗುವುದನ್ನು ಮೈಯೇ ನೋಡಿಕೊಳ್ಳುತ್ತದೆ. ಟಿವಿಯ ರಿಂಗಿನಲ್ಲಿ ಅದನ್ನು ಯಾರೋ ಕುಳಿತು ನಿರ್ಧರಿಸಬೇಕು. ಐವತ್ತು ದಾಟಿದವರು ಮೂವತ್ತರ ಹುಡುಗನನ್ನು ಎರಡು ನಿಮಿಷದಲ್ಲಿ ಕೆಡವಿದರೆ ಅದು ಹುಡುಗನ ದೌರ್ಬಲ್ಯ ಅಲ್ಲ, ಬರೆದವರ ತೀರ್ಮಾನ. 'ಈಗಿನವರಲ್ಲಿ ಏನಿದೆ' ಎಂದು ನಾವು ಕೇಳುವಾಗ ಮರೆಯುವುದು ಇದನ್ನೇ. ಅವರಿಗೆ ಏನನ್ನು ಕೊಡಲಾಗಿತ್ತು, ಏನನ್ನು ಕಿತ್ತುಕೊಳ್ಳಲಾಯಿತು ಎಂಬ ಪ್ರಶ್ನೆ ಅದಕ್ಕೂ ಮೊದಲು ಬರಬೇಕು.

ಗೋಲ್ಡ್‌ಬರ್ಗ್ ಅವರ ಉದಾಹರಣೆಯನ್ನೇ ನೋಡಿ, ಏಕೆಂದರೆ ಈ ಆಟದ ಎರಡೂ ತುದಿಯಲ್ಲಿ ಅವರು ನಿಂತಿದ್ದಾರೆ. 1998ರಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ಎದುರಾಳಿ ಕಂಪನಿಯಲ್ಲಿ ಅವರೇ ಹೊಸ ಹುಡುಗ. ಜುಲೈ 6ರಂದು ಅಟ್ಲಾಂಟಾದಲ್ಲಿ ಹಳೆಯ ತಾರೆ ಹಲ್ಕ್ ಹೋಗನ್ ಅವರನ್ನು ಸೋಲಿಸಿ ಚಾಂಪಿಯನ್ ಬೆಲ್ಟ್ ಗೆದ್ದರು. ಒಂದೂ ಸೋಲಿಲ್ಲದ ಅವರ ಓಟವನ್ನು ಕಂಪನಿ 173 ಗೆಲುವು ಎಂದು ಸಾರಿಕೊಂಡು ಬಂತು. ಅದೇ ಡಿಸೆಂಬರಿನಲ್ಲಿ ಕೆವಿನ್ ನ್ಯಾಶ್ ಕೈಯಲ್ಲಿ ಆ ಓಟ ನಿಂತಿತು. ಮುಂದಿನ ವಾರವೇ, 1999ರ ಜನವರಿ 4ರಂದು, ಹೋಗನ್ ಬೆರಳ ತುದಿಯಿಂದ ಎದೆ ಮುಟ್ಟಿದ್ದಕ್ಕೆ ನ್ಯಾಶ್ ಮಲಗಿಬಿಟ್ಟರು, ಬೆಲ್ಟ್ ಹಳೆಯ ಹೋಗನ್ ಸೊಂಟಕ್ಕೇ ಹೋಯಿತು. ಹೊಸಬನನ್ನು ಮುಂದಿಟ್ಟು ಬೆಳೆಯಬಹುದಾಗಿದ್ದ ಕಂಪನಿ ಹಳಬರ ಕೈಯಲ್ಲೇ ಉಳಿಯಿತು. ಹೊಸಬರಲ್ಲಿ ಕ್ರಿಸ್ ಜೆರಿಕೋ 1999ರಲ್ಲಿ, ಎಡ್ಡಿ ಗೆರೆರೊ 2000ದ ಆರಂಭದಲ್ಲಿ ಎದುರಾಳಿಯ, ಅಂದರೆ ಇಂದಿನ ಡಬ್ಲ್ಯುಡಬ್ಲ್ಯುಇಯ, ಮನೆಗೆ ಹೋದರು. 2001ರ ಮಾರ್ಚ್‌ನಲ್ಲಿ ಡಬ್ಲ್ಯುಸಿಡಬ್ಲ್ಯುವನ್ನೇ ಎದುರಾಳಿ ಕೊಂಡುಕೊಂಡಿತು. ಆ ಪತನಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಮೇಲಿನ ಮೆಟ್ಟಿಲಲ್ಲಿ ಜಾಗ ಖಾಲಿಯಾಗಲೇ ಇಲ್ಲ ಎಂಬುದು ಅದರಲ್ಲಿ ಚಿಕ್ಕ ಕಾರಣವೇನಲ್ಲ.

ಇಷ್ಟನ್ನು ಅನುಭವಿಸಿದ ಗೋಲ್ಡ್‌ಬರ್ಗ್ 2016ರಲ್ಲಿ ಮರಳಿ ಬಂದಾಗ ಏನಾಯಿತು? 2017ರ ಮಾರ್ಚ್‌ನಲ್ಲಿ ಚಾಂಪಿಯನ್ ಆಗಿದ್ದ ಕೆವಿನ್ ಓವೆನ್ಸ್ ಅವರನ್ನು 22 ಸೆಕೆಂಡಿನಲ್ಲಿ ಕೆಡವಿದರು. ತಿಂಗಳುಗಟ್ಟಲೆ ವಾರ ತಪ್ಪದೆ ಆ ಬೆಲ್ಟ್ ಹೊತ್ತವರು ಓವೆನ್ಸ್. 2020ರ ಫೆಬ್ರವರಿಯಲ್ಲಿ ರಿಯಾಧ್‌ನಲ್ಲಿ ಬ್ರೇ ವಾಯಟ್ ಸರದಿ. 'ಫೀಂಡ್' ಎಂಬ ಮುಖವಾಡದ ಪಾತ್ರವನ್ನು ವಾಯಟ್ ಕಟ್ಟಿದ ರೀತಿ ಅಪರೂಪದ್ದು. ಏನು ಹೊಡೆದರೂ ಏಳುತ್ತದೆ, ಸಾಯುವುದೇ ಇಲ್ಲ ಎಂದು ಮಕ್ಕಳು ಹೆದರುತ್ತಿದ್ದ ಪಾತ್ರ ಅದು. ಕೆಲವೇ ನಿಮಿಷಗಳ ಆಟದಲ್ಲಿ ಅದನ್ನು ಮುಗಿಸಲಾಯಿತು. ಗೋಲ್ಡ್‌ಬರ್ಗ್ ಏಪ್ರಿಲ್‌ನಲ್ಲಿ ಬೆಲ್ಟ್ ಕಳೆದುಕೊಂಡು ಮನೆಗೆ ಹೋದರು. ಫೀಂಡ್ ಪಾತ್ರಕ್ಕೆ ಇದ್ದ ಭಯ ಮಾತ್ರ ತಿರುಗಿ ಬರಲಿಲ್ಲ. ವಾಯಟ್ 2023ರ ಆಗಸ್ಟ್‌ನಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು. ಆ ರಿಯಾಧ್ ರಾತ್ರಿಯನ್ನು ನೆನೆದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ಸೌದಿ ಅರೇಬಿಯಾದ ಹೆಸರು ಬಂದದ್ದು ಕಾಕತಾಳೀಯವಲ್ಲ. 2018ರಿಂದ ಅಲ್ಲಿನ ಸರಕಾರದೊಂದಿಗೆ ಡಬ್ಲ್ಯುಡಬ್ಲ್ಯುಇಗೆ ಹತ್ತು ವರ್ಷದ ಒಪ್ಪಂದವಿದೆ. ಮೊದಮೊದಲು ಅಲ್ಲಿನ ಆಟಗಳಿಗೆ ಹಳೆಯ ಹೆಸರುಗಳನ್ನೇ ಮುಂದಿಟ್ಟರು. ಎಂಟು ವರ್ಷದ ಹಿಂದೆ ಬೂಟು ಬಿಚ್ಚಿಟ್ಟಿದ್ದ ಶಾನ್ ಮೈಕಲ್ಸ್ ಅವರನ್ನು 2018ರ ನವೆಂಬರಿನಲ್ಲಿ ರಿಯಾಧ್‌ಗೆ ಕರೆತಂದರು. ಜೊತೆಗೆ ಟ್ರಿಪಲ್ ಎಚ್, ಎದುರಿಗೆ ಅಂಡರ್‌ಟೇಕರ್ ಮತ್ತು ಕೇನ್. ಆ ಆಟದಲ್ಲೇ ಟ್ರಿಪಲ್ ಎಚ್ ಅವರ ಎದೆಯ ಸ್ನಾಯು ಹರಿಯಿತು. 2019ರ ಜೂನ್‌ನಲ್ಲಿ ಜೆಡ್ಡಾದಲ್ಲಿ ಗೋಲ್ಡ್‌ಬರ್ಗ್ ಮತ್ತು ಅಂಡರ್‌ಟೇಕರ್ ಮೊದಲ ಸಲ ಎದುರಾದರು. ಗೋಲ್ಡ್‌ಬರ್ಗ್ ತಲೆಗೆ ಪೆಟ್ಟಾಗಿ ತಡವರಿಸಿದರು, ಅಂಡರ್‌ಟೇಕರ್ ಅವರನ್ನು ಎತ್ತಿ ಹಾಕುವ ಪಟ್ಟು ಕೈಜಾರಿ ಕುತ್ತಿಗೆಯ ಮೇಲೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಚಿಕ್ಕಂದಿನಲ್ಲಿ ಆಡುತ್ತಿದ್ದ ಪೈಲ್ವಾನರ ಚಿತ್ರದ ಟ್ರಂಪ್ ಕಾರ್ಡಿನಲ್ಲಿ ನಾವು ಕನಸು ಕಂಡ ಜೋಡಿ ಕಣ್ಣೆದುರು ಬಂದದ್ದು ಹೀಗೆ. ಹಳಬರು ಬೇಕು ಎನ್ನುವವರು ಅವರ ಮೈಯ ಬಗೆಗೂ ಒಂದು ಮಾತು ಯೋಚಿಸಬೇಕು.

ಹಾಗಾದರೆ ಮರಳಿ ಬರುವುದೇ ತಪ್ಪೇ? ಅಲ್ಲ. ಅದೇ ಶಾನ್ ಮೈಕಲ್ಸ್ 1998ರಲ್ಲಿ ಬೆನ್ನಿನ ಪೆಟ್ಟಿನಿಂದ ಹೋದವರು 2002ರಲ್ಲಿ ಬಂದರು, ಬಂದವರು 2010ರವರೆಗೆ ವಾರ ವಾರ ದುಡಿದರು. ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದಲ್ಲಿ 2007ರಲ್ಲಿ ಅವರನ್ನು ಸೋಲಿಸಿದ್ದು ಜಾನ್ ಸೀನಾ, ಅಂದರೆ ಆ ಹೊತ್ತಿನ 'ಈಗಿನವರು'. ಅವತ್ತಿನ ಕಟ್ಟೆಯ ಮೇಲೆ ಸೀನಾನನ್ನೂ ಬೈಯುತ್ತಿದ್ದರು, ಇಂವನಿಗೆ ಕುಸ್ತಿನೇ ಬರೂದಿಲ್ಲ ಅಂತ. ಇನ್ನೊಂದು ಕಂಪನಿಯಾದ ಎಇಡಬ್ಲ್ಯುವಿಗೆ 2020ರ ಡಿಸೆಂಬರಿನಲ್ಲಿ ಬಂದ ಸ್ಟಿಂಗ್ ಮತ್ತೊಂದು ದಾರಿ ಹಿಡಿದರು. ಅರುವತ್ತು ದಾಟಿದ ಅವರು ಒಂಟಿಯಾಗಿ ಬೆಲ್ಟಿನ ಬೆನ್ನು ಹತ್ತಲಿಲ್ಲ. ಡಾರ್ಬಿ ಅಲಿನ್ ಎಂಬ ಹುಡುಗನ ಜೊತೆಗಾರನಾಗಿ ನಿಂತರು. 2024ರ ಮಾರ್ಚ್ 3ರಂದು ಗೆದ್ದೇ ವಿದಾಯ ಹೇಳಿದರು. ಸೋತು ಹೋಗಲಿಲ್ಲ, ಆದರೂ ಅವರು ಬಂದದ್ದರಿಂದ ಅಲಿನ್ ದೊಡ್ಡವನಾದ. ಆದ್ದರಿಂದ ಹಳಬ ಕಡೆಗೆ ಸೋಲಲೇಬೇಕು ಎಂಬ ನಿಯಮವನ್ನೂ ನಾನು ಹೇಳಲಾರೆ. ಬಂದವರ ಪಕ್ಕದಲ್ಲೋ ಎದುರಿನಲ್ಲೋ ನಿಂತ ಹೊಸಬ, ಅವರು ಹೋದ ಮೇಲೆ ಮೊದಲಿಗಿಂತ ಎತ್ತರದಲ್ಲಿದ್ದಾನೆಯೇ? ನನ್ನ ಅಳತೆ ಇಷ್ಟೇ.

ಈ ಅಳತೆಗೆ ರಾಕ್ ಅವರ 2012–13ರ ಆಗಮನ ಪೂರ್ತಿ ಹೊಂದುವುದಿಲ್ಲ. 2012ರ ಏಪ್ರಿಲ್ 1ರಂದು ಮಯಾಮಿಯಲ್ಲಿ ಅವರು ಸೀನಾರನ್ನು ಸೋಲಿಸಿದರು. ಜೀವಮಾನದಲ್ಲಿ ಒಂದೇ ಸಲ ಎಂದು ಜಾಹೀರಾತು ಮಾಡಿದ್ದ ಜೋಡಿ ಮರುವರ್ಷ ಮತ್ತೆ ಬಂತು. ಅದಕ್ಕಾಗಿ ರಾಕ್ ಕೈಗೆ ಬೆಲ್ಟ್ ಬೇಕಿತ್ತು. ಸಿಎಂ ಪಂಕ್ 434 ದಿನ ಹೊತ್ತಿದ್ದ ಬೆಲ್ಟನ್ನು 2013ರ ಜನವರಿಯಲ್ಲಿ ರಾಕ್‌ಗೆ ಕೊಡಿಸಲಾಯಿತು. ಏಪ್ರಿಲ್‌ನಲ್ಲಿ ಅದು ಸೀನಾಗೆ ಹೋಯಿತು. ವರ್ಷ ತುಂಬುವುದರೊಳಗೆ, 2014ರ ಜನವರಿಯಲ್ಲಿ, ಪಂಕ್ ಕಂಪನಿ ಬಿಟ್ಟು ನಡೆದರು. ಆಗೊಮ್ಮೆ ಈಗೊಮ್ಮೆ ಬರುವವರಿಗೆ ರೆಸಲ್‌ಮೇನಿಯಾದ ಕೊನೆಯ ಆಟ, ವರ್ಷವಿಡೀ ದುಡಿದವರಿಗೆ ನಡುವಿನ ಆಟ ಎಂಬ ಕೊರಗು ಅವರ ಸಿಟ್ಟಿನಲ್ಲಿ ದೊಡ್ಡ ಪಾಲಾಗಿತ್ತು.

ಅದೇ ಜನವರಿಯಲ್ಲಿ ಪ್ರೇಕ್ಷಕರೂ ತಿರುಗಿಬಿದ್ದರು. ನಾಲ್ಕು ವರ್ಷದ ಬಳಿಕ ಬಂದ ಬಟಿಸ್ಟಾ ಪಿಟ್ಸ್‌ಬರ್ಗ್‌ನಲ್ಲಿ, ಗೆದ್ದವರಿಗೆ ರೆಸಲ್‌ಮೇನಿಯಾದ ಬೆಲ್ಟಿನ ಆಟ ಸಿಗುವ ರಾಯಲ್ ರಂಬಲ್ ಗೆದ್ದಾಗ ಜನ ಚಪ್ಪಾಳೆ ಹೊಡೆಯಲಿಲ್ಲ, ಕೂಗಿ ಬೈದರು. ಅವರು ಕಾಯುತ್ತಿದ್ದದ್ದು ಡೇನಿಯಲ್ ಬ್ರಯನ್‌ಗೆ, ಬ್ರಯನ್ ಹೆಸರು ಆ ರಂಬಲ್ಲಿನಲ್ಲೇ ಇರಲಿಲ್ಲ. ಎರಡೂ ಕೈಯ ಬೆರಳು ಮೇಲೆತ್ತಿ 'ಯೆಸ್' ಎಂದು ಕೂಗುವ ಜನರ ಒತ್ತಡಕ್ಕೆ ಕಂಪನಿ ಮಣಿಯಿತು. ಏಪ್ರಿಲ್ 6ರಂದು ಬ್ರಯನ್ ಒಂದೇ ರಾತ್ರಿ ಮೊದಲು ಟ್ರಿಪಲ್ ಎಚ್ ಅವರನ್ನು, ಆಮೇಲೆ ರ‍್ಯಾಂಡಿ ಆರ್ಟನ್ ಮತ್ತು ಬಟಿಸ್ಟಾ ಇಬ್ಬರನ್ನೂ ಎದುರಿಸಿ ಗೆದ್ದರು. ಹತ್ತು ವರ್ಷದ ಮೇಲೆ ಇದೇ ಮತ್ತೆ ನಡೆಯಿತು. 2024ರ ಫೆಬ್ರವರಿಯಲ್ಲಿ ಕೋಡಿ ರೋಡ್ಸ್‌ಗೆ ಸಿಗಬೇಕಿದ್ದ ರೆಸಲ್‌ಮೇನಿಯಾದ ಬೆಲ್ಟಿನ ಆಟವನ್ನು ರಾಕ್‌ಗೆ ಬಿಟ್ಟುಕೊಡುವ ಸುಳಿವು ಸಿಕ್ಕ ಕೂಡಲೇ ಜಗತ್ತಿನಾದ್ಯಂತ ಅಭಿಮಾನಿಗಳು ಕೋಡಿಯೇ ಬೇಕು ಎಂದು ಪಟ್ಟು ಹಿಡಿದರು. ಫಿಲಡೆಲ್ಫಿಯಾದಲ್ಲಿ ರೋಮನ್ ರೇನ್ಸ್ ಅವರ 1,316 ದಿನದ ಆಳ್ವಿಕೆಯನ್ನು ಮುಗಿಸಿದ್ದು ಕೋಡಿ. ಜನಕ್ಕೆ ಹಳಬರೇ ಬೇಕು ಎಂದು ಕಂಪನಿಗಳು ಹೇಳುವಾಗ ಈ ಎರಡು ವರ್ಷಗಳನ್ನು ನೆನಪಿಸಬೇಕು. ಎರಡೂ ಸಲ ಜನ ಕೇಳಿದ್ದು ವಾರ ವಾರ ಬರುವವರನ್ನು.

ಇಲ್ಲಿ ಇನ್ನೊಂದು ತೊಡಕಿದೆ. ಕಂಪನಿ ಬಿಟ್ಟುಹೋಗಿದ್ದ ಪಂಕ್ 2023ರ ನವೆಂಬರಿನಲ್ಲಿ ಷಿಕಾಗೋದಲ್ಲಿ ಮರಳಿ ಬಂದರು. ಅವರನ್ನು ಹಳಬರು ಎನ್ನಬೇಕೋ ಈಗಿನವರು ಎನ್ನಬೇಕೋ? ಬಂದ ಮೇಲೆ ಅವರು ಸತತವಾಗಿ ಆಡುತ್ತಿದ್ದಾರೆ, ಗೆಲ್ಲುವಷ್ಟೇ ಸೋಲುತ್ತಿದ್ದಾರೆ. ವಯಸ್ಸಿನಿಂದ ಗೆರೆ ಎಳೆದರೆ ತಪ್ಪುತ್ತದೆ. ದುಡಿಮೆಯಿಂದ ಎಳೆದರೆ ಸರಿಹೋಗುತ್ತದೆ.

ಸೀನಾರ ವಿದಾಯದ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅದರಲ್ಲಿ ತಪ್ಪು ಮತ್ತು ತಿದ್ದುಪಡಿ ಎರಡೂ ಇವೆ. 2025ರ ಏಪ್ರಿಲ್ 20ರಂದು ಲಾಸ್ ವೇಗಸ್‌ನಲ್ಲಿ ಅವರು ಕೋಡಿಯನ್ನು ಸೋಲಿಸಿ 17ನೇ ಸಲ ವಿಶ್ವ ಚಾಂಪಿಯನ್ ಆದರು. ಅದಕ್ಕೂ ಮೊದಲು, ಮಾರ್ಚ್ 1ರಂದು, ರಾಕ್ ಜೊತೆ ಸೇರಿ ಖಳನಾಯಕರಾದದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಆದರೆ ಕಥೆಗೆ ಬೆಂಕಿ ಹಚ್ಚಿದ ರಾಕ್ ರೆಸಲ್‌ಮೇನಿಯಾದ ರಾತ್ರಿ ಬರಲೇ ಇಲ್ಲ. ಆ ಆಟ ಸಪ್ಪೆಯಾಯಿತು. ಕೋಡಿ ಒಂದು ವರ್ಷ ಕಟ್ಟಿದ್ದನ್ನು ಮೂರೂವರೆ ತಿಂಗಳು ಬಾಡಿಗೆಗೆ ಕೊಟ್ಟಂತಾಯಿತು. ಆಗಸ್ಟ್ 3ರಂದು ಕೋಡಿ ಬೆಲ್ಟ್ ಮರಳಿ ಪಡೆದರು, ಆ ಆಟ ಚೆನ್ನಾಗಿತ್ತು. ಅದೇ ರಾತ್ರಿ ಬ್ರಾಕ್ ಲೆಸ್ನರ್ ಮರಳಿ ಬಂದರು. ಸೆಪ್ಟೆಂಬರ್ 20ರಂದು ಲೆಸ್ನರ್ ಸೀನಾರನ್ನು ಹಣ್ಣುಗಾಯಿ ಮಾಡಿ ಸೋಲಿಸಿದರು. ಒಬ್ಬ ಹಳಬ ಇನ್ನೊಬ್ಬ ಹಳಬನನ್ನು ಕೆಡವಿದ್ದರಿಂದ ಯಾವ ಹೊಸಬನಿಗೆ ಏನು ಸಿಕ್ಕಿತು? ಏನೂ ಇಲ್ಲ. 2014ರಲ್ಲಿ ಅಂಡರ್‌ಟೇಕರ್ ಅವರ 21 ರೆಸಲ್‌ಮೇನಿಯಾ ಗೆಲುವಿನ ಸರಣಿ ಮುರಿಯುವ ಅವಕಾಶವನ್ನೂ ಇದೇ ಲೆಸ್ನರ್‌ಗೆ ಕೊಟ್ಟಿದ್ದರು. ಅಂಥ ಗೆಲುವು ಒಂದು ಪೀಳಿಗೆಗೆ ಒಂದೇ ಸಲ ಸಿಗುವಂಥದ್ದು.

ನವೆಂಬರ್ 10ರಂದು ಸೀನಾ ತಮ್ಮ ಊರಿನ ಕಡೆಯ ಬಾಸ್ಟನ್‌ನಲ್ಲಿ ಡೊಮಿನಿಕ್ ಮಿಸ್ಟೀರಿಯೊರಿಂದ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಗೆದ್ದರು. ಜೀವನದಲ್ಲಿ ಅವರಿಗೆ ದಕ್ಕದೆ ಉಳಿದಿದ್ದ ಬೆಲ್ಟ್ ಅದು. ಅದನ್ನು ಅದೇ ತಿಂಗಳ 29ರಂದು ಡೊಮಿನಿಕ್‌ಗೇ ಸೋತು ಬಿಟ್ಟುಕೊಟ್ಟರು. ಅಪ್ಪ ರೇ ಮಿಸ್ಟೀರಿಯೊನ ನೆರಳಿನಲ್ಲಿ ಬಂದು, ಜನರ ಬೈಗುಳವನ್ನೇ ಬಂಡವಾಳ ಮಾಡಿಕೊಂಡ ಹುಡುಗನಿಗೆ ಸೀನಾ ಮೇಲಿನ ಗೆಲುವು ಸಣ್ಣದಲ್ಲ. ಇನ್ನು ಡಿಸೆಂಬರಿನ ಕೊನೆಯ ಕಾರ್ಯಕ್ರಮದಲ್ಲಿ ಹೊಸಬರನ್ನು ಬೆಳೆಸುವ ಎನ್‌ಎಕ್ಸ್‌ಟಿ ವಿಭಾಗದ ಎಳೆಯರನ್ನು ದೊಡ್ಡವರ ಎದುರು ನಿಲ್ಲಿಸಿದ್ದರು. ನೈಜೀರಿಯಾ ಮೂಲದ ಓಬಾ ಫೆಮಿ ಕೋಡಿ ಎದುರು, ಸೋಲ್ ರೂಕಾ ಬೇಯ್ಲಿ ಎದುರು. ಸೀನಾಗೆಂದು ಕುಳಿತ ಜನ ಇವರನ್ನೂ ನೋಡಿದರು. ಆಮೇಲೆ ಗುಂಥರ್ ಎದುರು ಆ ಸೋಲು.

ಜನರಿಗೆ ನೋವಾಯಿತು, ಸರಿ. ಆದರೆ ಆ ನೋವೇ ಗುಂಥರ್‌ಗೆ ಸಿಕ್ಕ ಆಸ್ತಿ. 2022ರಿಂದ 2024ರವರೆಗೆ 666 ದಿನ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಹೊತ್ತು, ಎದೆಯ ಮೇಲೆ ಅಂಗೈ ಮೂಡುವ ಹಾಗೆ ಬಾರಿಸುವ ಆತನ ಕುಸ್ತಿ ನೋಡಿದರೆ ನಮ್ಮ ತಾಲೀಮಿನ ವಸ್ತಾದರೂ ತಲೆದೂಗುತ್ತಾರೆ. 2025ರ ಜುಲೈ 12ರಂದು ಅಟ್ಲಾಂಟಾದಲ್ಲಿ 58 ವರ್ಷದ ಗೋಲ್ಡ್‌ಬರ್ಗ್ ಅವರನ್ನೂ ಆತ ಸೋಲಿಸಿಯೇ ಕಳಿಸಿದರು. ಫೀಂಡ್ ಪಾತ್ರಕ್ಕೆ ಆದ ಅನ್ಯಾಯಕ್ಕೆ ಐದು ವರ್ಷ ತಡವಾಗಿ ಬಂದ ಉತ್ತರ ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ. ನಾಳೆ ಗುಂಥರ್‌ನನ್ನು ಸೋಲಿಸುವ ಹುಡುಗನಿಗೆ ಈ ಇಬ್ಬರ ಹೆಸರೂ ಒಟ್ಟಿಗೆ ಸಿಗುತ್ತವೆ.

ಮಹಿಳೆಯರ ಕಡೆ ಈ ಕೆಲಸ ಕಡಿಮೆ ಸದ್ದಿನಲ್ಲಿ ಹೆಚ್ಚು ಅಚ್ಚುಕಟ್ಟಾಗಿ ನಡೆಯುತ್ತಿದೆ. 2025ರ ಜುಲೈನಲ್ಲಿ ಟ್ರಿಶ್ ಸ್ಟ್ರಾಟಸ್ ಮರಳಿ ಬಂದು ಟಿಫನಿ ಸ್ಟ್ರಾಟನ್‌ಗೆ ಸವಾಲು ಹಾಕಿ ಸೋತರು, ಬೆಲ್ಟ್ ಟಿಫನಿಯ ಹತ್ತಿರವೇ ಉಳಿಯಿತು. ಇಲ್ಲಿ ಸಾಂಗ್ಲಿಯಲ್ಲಿ 2023ರ ಮಾರ್ಚ್‌ನಲ್ಲಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ನಡೆದು ನಮ್ಮ ಜಿಲ್ಲೆಯ ಪ್ರತೀಕ್ಷಾ ಬಾಗಡಿ ಗದೆ ಎತ್ತಿದ ಮೇಲೆ, ತಾಲೀಮಿಗೆ ಮಗಳನ್ನು ಕಳಿಸುವ ಅಪ್ಪಂದಿರ ಮಾತಿನ ಧಾಟಿಯೂ ಬದಲಾಗಿದೆ. ಅವರ ಮನೆಯ ಹುಡುಗಿಯರಿಗೆ ರಿಯಾ ರಿಪ್ಲಿ, ಇಯೋ ಸ್ಕೈ ಗೊತ್ತು. ಟ್ರಿಶ್ ಗೊತ್ತಿಲ್ಲ. ಹಳಬರ ಹಂಬಲ ಎಲ್ಲರದ್ದೂ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹಾಗಿದ್ದರೆ ನಮ್ಮ ಗಡಿ ಸೀಮೆಯ ಮೂವತ್ತು-ನಲವತ್ತರ ಗಂಡಸರಲ್ಲಿ ಈ ಹಂಬಲ ಇಷ್ಟು ಗಟ್ಟಿಯಾಗಿ ಉಳಿದದ್ದು ಏಕೆ? ಒಂದು ಕಾರಣ ದುಡ್ಡು ಮತ್ತು ತಂತಿ. 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂದಾಗ ಊರ ಕೇಬಲ್ಲಿನವನು ಕೊಡುವ ಕಟ್ಟಿನಲ್ಲೇ ಅದೂ ಸಿಗುತ್ತಿತ್ತು. ಒಂದು ಮನೆಯ ಟಿವಿಗೆ ಓಣಿಯ ಮಕ್ಕಳೆಲ್ಲ. ಲೋಡ್‌ಶೆಡ್ಡಿಂಗ್‌ನಲ್ಲಿ ಕರೆಂಟ್ ಹೋದರೆ ಆಟದ ಉಳಿದ ಅರ್ಧವನ್ನು ಮರುದಿನ ಸಾಲಿಯಲ್ಲಿ ನೋಡಿದವರ ಬಾಯಿಂದ ಕೇಳಬೇಕು. ಹೇಳುವವನು ಅಂಡರ್‌ಟೇಕರ್‌ನನ್ನು ಒಂದು ಗೇಣು ಇನ್ನೂ ಎತ್ತರ ಮಾಡಿಯೇ ಹೇಳುತ್ತಿದ್ದ. ಟ್ರಂಪ್ ಕಾರ್ಡಿನ ಎತ್ತರ, ತೂಕ, ರ‍್ಯಾಂಕ್ ಬಾಯಿಪಾಠ. ಆಮೇಲೆ ಪ್ರಸಾರ ಸೋನಿಯ ಕೈಗೆ ಹೋಯಿತು, 2025ರ ಏಪ್ರಿಲ್‌ನಿಂದ ಭಾರತದಲ್ಲಿ ನೆಟ್‌ಫ್ಲಿಕ್ಸ್ ಪಾಲಾಯಿತು. ಅದರ ಅಗ್ಗದ ಮೊಬೈಲ್ ಪ್ಲಾನ್ 149 ರೂಪಾಯಿ, ಅದೂ ಒಬ್ಬನ ಅಂಗೈಯ ಪರದೆಗೆ. ಓಣಿ ಒಟ್ಟಿಗೆ ನೋಡುವ ಆಟ ಅಲ್ಲಿಗೆ ನಿಂತಿತು. ಉಳಿದವರಿಗೆ ಸಿಗುವುದು ಅರ್ಧ ನಿಮಿಷದ ತುಣುಕು. ಅರ್ಧ ನಿಮಿಷದಲ್ಲಿ ಹಳಬರ ಮುಖ ಗುರುತು ಸಿಗುತ್ತದೆ, ಹೊಸಬರ ಕಥೆ ತಿಳಿಯುವುದಿಲ್ಲ. ಕಟ್ಟೆಯ ಮೇಲಿನ ಕಾಕಾಗಳು ಗುಂಥರ್‌ನನ್ನು ನೋಡಿ ತಿರಸ್ಕರಿಸಿದವರಲ್ಲ. ಅವರಿಗೆ ಗುಂಥರ್ ಪೂರ್ತಿಯಾಗಿ ಕಂಡೇ ಇಲ್ಲ.

ಇನ್ನೊಂದು ಕಾರಣ ಮಾತು. ಇಲ್ಲಿ ನಾವು ಕಲಿತದ್ದು ಕನ್ನಡ ಸಾಲಿಯಲ್ಲಿ, ಪೇಟೆಯಲ್ಲಿ ಆಡುವುದು ಮರಾಠಿ, ಟಿವಿಯಲ್ಲಿ ಕೇಳುತ್ತಿದ್ದದ್ದು ಇಂಗ್ಲಿಷು. ಅಂಡರ್‌ಟೇಕರ್‌ನ ಗಂಟೆ ಬಾರಿಸಿ ದೀಪ ಆರಿದರೆ, ಸ್ಟೋನ್ ಕೋಲ್ಡ್‌ನ ಗಾಜು ಒಡೆದರೆ, ರಾಕ್ ಒಂದು ಹುಬ್ಬು ಎತ್ತಿದರೆ ಸಾಕಿತ್ತು, ಭಾಷೆ ಬೇಕಿರಲಿಲ್ಲ. ಈಗಿನ ಕಥೆಗಳಲ್ಲಿ ಮಾತಿಗೆ ಭಾರ ಹೆಚ್ಚು. ಕೋಡಿ ತನ್ನ ಅಪ್ಪನ ಬಗ್ಗೆ ಮೈಕ್ ಹಿಡಿದು ಕಣ್ಣೀರು ತುಂಬಿಕೊಂಡು ಆಡುವ ಮಾತು ತಿಳಿಯದಿದ್ದರೆ ಕೋಡಿಯ ಗೆಲುವಿನ ಅರ್ಧ ರುಚಿ ಹೋಗುತ್ತದೆ. ಅಕ್ಕಲಕೋಟೆಯಲ್ಲೋ ಜತ್ತದಲ್ಲೋ ಕುಳಿತವನಿಗೆ ಕನ್ನಡದಲ್ಲಿ ಆ ಕಥೆ ಹೇಳುವ ದನಿಯೊಂದು ಸಿಕ್ಕಿದ್ದರೆ ಆತನ ಮೆಚ್ಚುಗೆಯ ಪಟ್ಟಿ ಬೇರೆಯೇ ಇರುತ್ತಿತ್ತು.

ಕಂಪನಿ ಈ ದೂರವನ್ನು ತುಂಬುವ ಬದಲು ಅದರಿಂದಲೇ ದುಡಿದಿದೆ ಎಂಬುದು ನನ್ನ ಮುಖ್ಯ ಆಕ್ಷೇಪ. 2017ರ ಮೇ ತಿಂಗಳಲ್ಲಿ ಪಂಜಾಬಿ ಮೂಲದ ಜಿಂದರ್ ಮಹಾಲ್‌ಗೆ ವಿಶ್ವ ಚಾಂಪಿಯನ್ ಬೆಲ್ಟ್ ಕೊಟ್ಟರು. ಭಾರತದ ಮಾರುಕಟ್ಟೆಗಾಗಿಯೇ ಈ ಹೆಜ್ಜೆ ಎಂದು ಎಲ್ಲರೂ ಮಾತಾಡಿಕೊಂಡರು. ಜುಲೈನಲ್ಲಿ ಅವರನ್ನು ಗೆಲ್ಲಿಸಲು ಗ್ರೇಟ್ ಖಲಿ ಮರಳಿ ಬಂದರು. ಹೊಸ ಚಾಂಪಿಯನ್‌ಗೆ ಸ್ವಂತ ಬಲವಿಲ್ಲ ಎಂದು ಹೇಳಿದ ಹಾಗಾಯಿತು. ನವೆಂಬರಿನಲ್ಲಿ, ಭಾರತದ ಪ್ರವಾಸಕ್ಕೆ ತಿಂಗಳಷ್ಟೇ ಇರುವಾಗ, ಬೆಲ್ಟ್ ಎಜೆ ಸ್ಟೈಲ್ಸ್‌ಗೆ ಹೋಯಿತು. ಡಿಸೆಂಬರ್ 9ರಂದು ದೆಹಲಿಯಲ್ಲಿ ಜಿಂದರ್ ಎದುರಿಗೆ ಬಂದವರು ಟ್ರಿಪಲ್ ಎಚ್, ಗೆದ್ದವರೂ ಅವರೇ. ತಮ್ಮವನೆಂದು ಕೊಟ್ಟ ಚಾಂಪಿಯನ್ ತಮ್ಮ ನೆಲದಲ್ಲೇ ಹಳಬನ ಕೈಯಲ್ಲಿ ಸೋಲುವುದನ್ನು ನೋಡಲು ಜನ ಟಿಕೆಟ್ ಕೊಂಡರು. 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿನಲ್ಲಿ ಪೋಸ್ಟರಿನ ನಡುವಿನ ಮುಖ ಮತ್ತೆ ಸೀನಾ. ಸೊಲ್ಲಾಪುರದಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ಸು, ನಮ್ಮ ಕಡೆಯ ಹುಡುಗರಿಗೆ ಕೈಗೆಟುಕುವಷ್ಟು ಹತ್ತಿರ. ಅದೇ ರಾತ್ರಿ ಗುಂಥರ್ ಅಲ್ಲಿ ಹರಿಯಾಣದ ಶಾಂಕಿಯನ್ನು ಸೋಲಿಸಿದ್ದು ಎಷ್ಟು ಮಂದಿಯ ನೆನಪಿನಲ್ಲಿದೆ? 2024ರ ಏಪ್ರಿಲ್‌ನಲ್ಲಿ ಜಿಂದರ್ ಜೊತೆಗೆ ಭಾರತದವರಾದ ವೀರ್, ಸಂಗಾ ಅವರನ್ನೂ ಕಂಪನಿ ಕೈಬಿಟ್ಟಿತು.

ಭಾರತದಲ್ಲಿ ಹಳೆಯ ಹೆಸರಿಗೆ ಟಿಕೆಟ್ ಹೋಗುತ್ತದೆ ಎಂದು ಹಳಬರನ್ನೇ ತರುತ್ತಾರೆ. ಹಳಬರನ್ನೇ ತಂದದ್ದರಿಂದ ಹೊಸ ಹೆಸರು ಬೇರೂರುವುದಿಲ್ಲ. ಮುಂದಿನ ಸಲ ಮತ್ತೆ ಹಳೆಯ ಹೆಸರೇ ಬೇಕಾಗುತ್ತದೆ. ಆದರೆ ಸೀನಾ ಇನ್ನು ಆಡುವುದಿಲ್ಲ, ಅಂಡರ್‌ಟೇಕರ್ 2020ರಲ್ಲೇ ನಿಲ್ಲಿಸಿದರು. ಈ ಲೆಕ್ಕ ಕಂಪನಿಗೂ ಬಹಳ ದಿನ ನಡೆಯುವಂಥದ್ದಲ್ಲ. ಜಲಂಧರ್‌ನಲ್ಲಿ ಖಲಿ ತೆರೆದ ಶಾಲೆಯಿಂದ ಕವಿತಾ ದೇವಿ 2017ರಲ್ಲಿ ಡಬ್ಲ್ಯುಡಬ್ಲ್ಯುಇ ರಿಂಗ್ ಮುಟ್ಟಿದರು, ಆ ಕಂಪನಿಯಲ್ಲಿ ಆಡಿದ ಮೊದಲ ಭಾರತೀಯ ಮಹಿಳೆ. ಖಲಿಯ ದೊಡ್ಡ ಕೆಲಸ ಅದು. ಅವರು ಮತ್ತೊಮ್ಮೆ ರಿಂಗಿಗೆ ಇಳಿಯಲಿ ಎಂದು ಹಾರೈಸುವವರಿಗೆ ನಾನು ಹೇಳುವುದು, ಅವರ ಶಾಲೆಯ ಇನ್ನೊಂದು ಹುಡುಗಿ ಆ ರಿಂಗ್ ಮುಟ್ಟಲಿ ಎಂದು ಹಾರೈಸಿ.

ಮುಂದಿನ ದೊಡ್ಡ ಕಾಯುವಿಕೆ ರಾಕ್ ಅವರದು. ಅವರು ಬಂದರೆ ನಾನೂ ನೋಡುತ್ತೇನೆ, ಹುಬ್ಬು ಏರಿದಾಗ ಎಲ್ಲರಂತೆ ಕೂಗುತ್ತೇನೆ. ಆದರೆ 2024ರ ಏಪ್ರಿಲ್‌ನಲ್ಲಿ ರೆಸಲ್‌ಮೇನಿಯಾದ ಮೊದಲ ರಾತ್ರಿ ಕೋಡಿಯ ಬೆನ್ನನ್ನು ನೆಲಕ್ಕೆ ಹಚ್ಚಿದ್ದು ಅವರು. 2025ರಲ್ಲಿ ಸೀನಾರನ್ನು ಕೋಡಿಯ ಮೇಲೆ ಛೂ ಬಿಟ್ಟು ಮಾಯವಾದದ್ದೂ ಅವರೇ. ಮಾತೃಸಂಸ್ಥೆ ಟಿಕೆಒದ ನಿರ್ದೇಶಕ ಮಂಡಳಿಯಲ್ಲಿ ಕೂತವರು ಅವರು, ತಮ್ಮ ಕಥೆಯ ಕೊನೆಯನ್ನು ತಾವೇ ಬರೆಸಿಕೊಳ್ಳುವಷ್ಟು ಬಲವಿದೆ. ಬರುವುದಾದರೆ ಒಂದು ರಾತ್ರಿಯ ಮಾತಿಗಲ್ಲ, ಪೂರ್ತಿ ಆಟಕ್ಕೆ ಬರಲಿ. ಆ ಆಟದಲ್ಲಿ ಕೋಡಿಯೋ, ಬ್ರಾನ್ ಬ್ರೇಕರ್‌ನಂಥ ಹುಡುಗನೋ ಅವರನ್ನು ಯಾರ ಸಹಾಯವೂ ಇಲ್ಲದೆ ಮೂರು ಎಣಿಸುವವರೆಗೆ ಹಿಡಿದಿಡಲಿ.